ಶನಿವಾರವಲ್ಲ, ಭಾನುವಾರ

ಫೆಬ್ರವರಿ ೩, ಬೆಳಗ್ಗೆ

ಬಟ್ಟೆ ಇನ್ನೂ ಹಸಿ. ಬಾಲ್ಕನಿಯ ಹಗ್ಗದ ತುಂಬ ಅವನವೇ — ಪ್ಯಾಂಟು, ಬನಿಯನ್ನು, ಹಾಸ್ಟೆಲಿನ ಹೊದಿಕೆ. ನನ್ನ ಸೀರೆಗೆ ಜಾಗವಿಲ್ಲ, ಕುರ್ಚಿಯ ಮೇಲೆ ಹರವಿದೆ. ಹಾಸ್ಟೆಲ್ ಖಾಲಿ ಮಾಡಿಸಿ ಕಳುಹಿಸಿದ್ದಾರಲ್ಲ, ಟ್ರಂಕು, ಬಕೆಟ್ಟು, ಟೇಬಲ್ ಫ್ಯಾನು ಎಲ್ಲ ಹಾಲಿನಲ್ಲಿ ಸವಾರಿ ಬಂದಿಳಿದ ಹಾಗೆ ಕೂತಿವೆ. ಅವನ್ನೆಲ್ಲ ದಾಟಿ ಬಚ್ಚಲಿಗೆ ಹೋಗಬೇಕು, ಈ ಮಂಡಿ ಇಟ್ಟುಕೊಂಡು.

ಮೊಮ್ಮಗನನ್ನು ಚಿಕ್ಕಂದಿನಿಂದ ದೊರೆ ಅಂತ ಕರೆದವಳು ನಾನೇ. ಅನುಭವಿಸಲಿ ಮುದುಕಿ.

ಕಾಲೇಜಿನಿಂದ ಯಾಕೆ ಹೊರಗೆ ಹಾಕಿದರು ಎಂದರೆ ಒಬ್ಬರೂ ಬಾಯಿ ಬಿಡುವುದಿಲ್ಲ. "ರ‍್ಯಾಗಿಂಗ್ ಅಂತ ಸುಮ್ನೆ ಒಂದು ಕೇಸ್ ಮಾಡಿದಾರಮ್ಮ" ಅಂದ ಮಗ. "ನನ್ನ ಮಗನ್ನ ಕಂಡ್ರೆ ಎಲ್ಲರಿಗೂ ಹೊಟ್ಟೆಕಿಚ್ಚು" ಅಂದಳು ಸೊಸೆ. ಅವಳ ಮಗನ ಮಾರ್ಕ್ಸ್ ನೋಡಿ ಯಾರ ಹೊಟ್ಟೆಯೂ ಉರಿಯಲಾರದು. ಹಾಗಂತ ಹೇಳಿದೆ. ಊಟಕ್ಕೆ ಕರೆಯಲಿಲ್ಲ. ನಾನೇ ಹೋಗಿ ಬಡಿಸಿಕೊಂಡೆ.

ಫೆಬ್ರವರಿ ೫

ಎದುರುಮನೆ ನರ್ಸಿನ ಬಾಯಿಂದ ಗೊತ್ತಾಯಿತು. ಮೊದಲನೇ ವರ್ಷದ ಹುಡುಗನೊಬ್ಬನನ್ನು ಹಾಸ್ಟೆಲಿನಲ್ಲಿ ಹಿಡಿದು ಕೂರಿಸಿ ಅರ್ಧ ತಲೆ ಬೋಳಿಸಿದರಂತೆ. ಅರ್ಧ ಹಾಗೇ ಬಿಟ್ಟರಂತೆ. ವಿಡಿಯೋ ಮಾಡಿ ಕಂಡಕಂಡವರ ಫೋನಿಗೆ ಕಳಿಸಿದರಂತೆ. ಆ ಹುಡುಗ ಆಮೇಲೆ ಕ್ಲಾಸಿಗೆ ಹೋಗಿಲ್ಲ. ಮೆಷೀನು ಹಿಡಿದಿದ್ದವನು ಇವನೇ ಎಂದು ನಮ್ಮ ದೊರೆಯ ಕಡೆ ಬೆರಳು ತೋರಿಸಿದ್ದಾನೆ.

ಕೇಳಿದೆ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ, "ನಾನು ಅಲ್ಲಿ ಇರ್ಲೇ ಇಲ್ಲ ಅಜ್ಜಿ. ವಿಡಿಯೋದಲ್ಲಿ ನನ್ನ ಮುಖ ತೋರಿಸ್ಲಿ, ಒಪ್ಕೋತೀನಿ."

ನಂಬಿದೆ. ಯಾಕೆ ನಂಬಬಾರದು? ಮಂಡಿ ಮಡಚುವುದು ನಿಂತ ಮೇಲೆ ನನ್ನ ಕಾಲಿನ ಉಗುರು ಬೆಳೆದು ಹೊದಿಕೆಗೆ ಸಿಕ್ಕಿಕೊಳ್ಳುತ್ತಿತ್ತು. ನಾಚಿಕೆ, ಯಾರಿಗೂ ಹೇಳಿರಲಿಲ್ಲ. ಹೆತ್ತ ಮಗ ಒಂದು ದಿನ ಬಗ್ಗಿ ಈ ಕಾಲು ನೋಡಿದವನಲ್ಲ. ಇವನು ತಾನೇ ನೋಡಿ, ಬಿಸಿನೀರು ತಂದು ನೆನೆಸಿ, ತೊಡೆಯ ಮೇಲಿಟ್ಟುಕೊಂಡು ಕತ್ತರಿಸಿದ. ಅಂದಿನಿಂದ ಹಾಸ್ಟೆಲಿನಿಂದ ಮನೆಗೆ ಬಂದಾಗಲೆಲ್ಲ ಅವನೇ. ಒಂದೊಂದು ಬೆರಳು ಮುಗಿದಾಗಲೂ ತಲೆ ವಾರೆ ಮಾಡಿ "ಉಫ್" ಎಂದು ಊದುತ್ತಾನೆ. ಕಚಗುಳಿ. ಬೈಯುತ್ತೇನೆ. ಮತ್ತೆ ಊದುತ್ತಾನೆ.

ಅಂಥವನು ಯಾರ ತಲೆ ಬೋಳಿಸಿಯಾನು?

ಫೆಬ್ರವರಿ ೧೧

ವಕೀಲ ಬಂದಿದ್ದ. ಮನೆಯೊಳಗೂ ಕರೀಕೋಟು ಬಿಚ್ಚಲಿಲ್ಲ. ಟೀ ಬಹಳ ಚೆನ್ನಾಗಿದೆ ಎಂದು ಮುಕ್ಕಾಲು ಲೋಟ ಬಿಟ್ಟ.

"ಡಿಸ್ಮಿಸ್ ಆರ್ಡರ್ ಆಗೋಗಿದೆ. ಇನ್ನು ಯೂನಿವರ್ಸಿಟಿಗೆ ಅಪೀಲು ಒಂದೇ ದಾರಿ. ಆ ಶನಿವಾರ ಸಂಜೆ ಹುಡುಗ ಹಾಸ್ಟೆಲಲ್ಲಿ ಇರ್ಲಿಲ್ಲ ಅಂತ ಯಾರಾದ್ರೂ ಕಮಿಟಿ ಮುಂದೆ ಹೇಳ್ಬೇಕು."

"ಮನೇಲಿದ್ದ ಅಂತ ನಾನೇ ಹೇಳ್ತೀನಿ" ಅಂದಳು ಸೊಸೆ.

"ತಾಯಿ ಇನ್ನೇನು ಹೇಳ್ತಾಳಮ್ಮ, ಯಾರೂ ಕಿವಿಗೆ ಹಾಕ್ಕೊಳ್ಳಲ್ಲ" ಎಂದು ನನ್ನ ಕಡೆ ತಿರುಗಿದ. ಸಂತೆಯಲ್ಲಿ ಕುಂಬಳಕಾಯಿ ತಟ್ಟಿ ನೋಡುವವನ ಹಾಗೆ ನೋಡಿದ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ನಮ್ಮ ಹುಡುಗ ಎಂಥವನು ಅಂತ ಗೊತ್ತೇನಪ್ಪ ನಿನಗೆ? ಆ ಗಲಾಟೆ ಆದ ಮಾರನೇ ದಿನ, ಭಾನುವಾರ, ಇದೇ ಕುರ್ಚೀಲಿ ನನ್ನ ಕೂರಿಸಿ ಕಾಲುಗುರು ಕತ್ತರಿಸಿದಾನೆ."

ಕರೀಕೋಟಿನ ಪೆನ್ನು ನಿಂತಿತು. "ಭಾನುವಾರಾನಾ ಅಜ್ಜಿ? ಶನಿವಾರ ಅಲ್ವಾ?"

"ಭಾನುವಾರ. ನರ್ಸಿಗೆ ರಜ ಇತ್ತು, ಬಾಗಿಲಲ್ಲಿ ನಿಂತು ನಗ್ತಿದ್ಲು."

"ಆತುರ ಇಲ್ಲ. ನಿಧಾನಕ್ಕೆ ನೆನಪು ಮಾಡ್ಕೊಳ್ಳಿ."

"ಹೋಗಿರೋದು ನನ್ನ ಮಂಡಿ ಕಣಯ್ಯ, ನೆನಪಲ್ಲ."

ಎಲ್ಲರೂ ನಕ್ಕರು. ಮಗ ನಗಲಿಲ್ಲ. ಲೆಕ್ಕ ಹಾಕುವವನ ಹಾಗೆ ನನ್ನ ಕಾಲು ನೋಡುತ್ತಿದ್ದ. ಮೊದಲ ಸಲ.

ಫೆಬ್ರವರಿ ೧೨

ಮಗ ಬಂದು ಮಂಚದ ಮೇಲೆ ಕೂತ. ಹೊದಿಕೆ ಸರಿ ಮಾಡಿದ. ಆಗಲೇ ಗೊತ್ತಾಯಿತು, ಏನೋ ಬೇಕಾಗಿದೆ.

"ಒಂದೇ ದಿನ ಅಮ್ಮ. ಒಂದು ದಿನ ಆ ಕಡೆ ಈ ಕಡೆ. ಅಷ್ಟೇ."

"ಸುಳ್ಳು ಹೇಳು ಅಂತ ನೇರ ಹೇಳೋ."

"ಸುಳ್ಳೆಲ್ಲಿ ಬಂತು? ಅವನು ನಿನ್ನ ಉಗುರು ಕತ್ತರಿಸಿದ್ದು ನಿಜ ತಾನೇ?"

ನಿಜ. ಈ ಮನೆಯಲ್ಲಿ ನನಗೆ ಸಿಕ್ಕ ಒಂದು ನಿಜ. ಅದನ್ನೇ ಎರವಲು ಕೇಳುತ್ತಿದ್ದಾನೆ.

ಫೆಬ್ರವರಿ ೧೯, ಮಧ್ಯಾಹ್ನ

ಇವತ್ತು ಕರೀಕೋಟು ಪಾಠ ಹೇಳಿಕೊಟ್ಟ. ಎಲ್ಲಿ ಕೂತಿದ್ದೆ, ದೀಪ ಹಾಕಿತ್ತಾ, ಏನು ಮಾತಾಡಿದಿರಿ. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದ ಮೇಲೆ ನನಗೆ ಪಾಠ ಹೇಳಲು ಬಂದವನು ಇವನೇ.

ಆಮೇಲೆ ಲ್ಯಾಪ್‌ಟಾಪು ತೆಗೆದ. "ನೀವೂ ನೋಡಿಬಿಡಿ ಅಜ್ಜಿ, ಧೈರ್ಯ ಬರುತ್ತೆ. ಮುಖ ಎಲ್ಲೂ ಇಲ್ಲ. ಬರೀ ಕೈ."

ನೋಡಿದೆ. ಹುಡುಗ ಬಕೆಟ್ಟು ಬೋರಲು ಹಾಕಿದ್ದರ ಮೇಲೆ ಕೂತಿದ್ದಾನೆ. ಸಣ್ಣ ಕತ್ತು. ಸುತ್ತ ನಗು. ಮೆಷೀನು ಒಂದು ಸಾಲು ಎಳೆಯಿತು. ಕೂದಲು ಕತ್ತಿನ ಮೇಲೆ ಬಿತ್ತು. ಆಗ ಯಾರೋ ಬಗ್ಗಿ —

ಉಫ್.

ಮತ್ತೊಂದು ಸಾಲು. ಉಫ್.

"ಎಷ್ಟು ನೋಡಿದ್ರೂ ಯಾರು ಅಂತ ಗೊತ್ತಾಗಲ್ಲ ಅಲ್ವಾ?" ಅಂದ ಕರೀಕೋಟು.

"ಕಣ್ಣು ಮಂಜು" ಅಂದೆ. ಎದ್ದು ಬಂದೆ. ಕಾಲಿನ ಬೆರಳುಗಳು ತಣ್ಣಗಾಗಿದ್ದವು.

ಮಾರ್ಚ್ ೨

ಇಷ್ಟು ದಿನ ಈ ಪುಸ್ತಕ ಮುಟ್ಟಿರಲಿಲ್ಲ.

ಮಗನಿಗೆ ಇವತ್ತು ಹೇಳಿದೆ. "ಅದು ಇವನೇ ಕಣೋ."

ಪೇಪರಿನಿಂದ ತಲೆ ಎತ್ತಲಿಲ್ಲ. "ಗೊತ್ತಮ್ಮ."

"ಗೊತ್ತಿದ್ದೂ ಅಪೀಲು?"

"ಗೊತ್ತಿಲ್ದೇ ಇದ್ದಿದ್ರೆ ವಕೀಲ ಯಾಕೆ ಬೇಕಿತ್ತು?" ಆಮೇಲೆ ದನಿ ತಗ್ಗಿಸಿ, "ಒಂದು ಸಲ ಹೊರಗೆ ಹಾಕಿದ್ರೆ ಬೇರೆ ಯಾವ ಕಾಲೇಜೂ ಸೇರಿಸ್ಕೊಳ್ಳಲ್ಲ. ಅವನ ಬದುಕು ನಿನ್ನ ಬಾಯಲ್ಲಿದೆ. ನೀನೇ ಸಾಕಿದ್ದು ಅವನ್ನ."

ಹೌದು. ಗೆದ್ದಾಗ ಅವರ ಮಗ. ಸಿಕ್ಕಿಬಿದ್ದಾಗ ನಾನು ಸಾಕಿದವನು.

ಮಾರ್ಚ್ ೬, ಸಂಜೆ

ಹಿಯರಿಂಗ್ ಮುಗಿಯಿತು.

ಆಫೀಸು ಎರಡನೇ ಮಹಡಿ. ಲಿಫ್ಟು ಕೆಟ್ಟಿತ್ತು. ಮಗ ಸೊಸೆ ಇಬ್ಬರೂ ಕರೀಕೋಟಿನ ಬಾಲ ಹಿಡಿದು ಮೇಲೆ ಹೋದರು. ದೊರೆ ಫೋನು ನೋಡುತ್ತ ಹೋದ. ನಾನು ಕಂಬಿ ಹಿಡಿದು ನಿಂತೆ. ಹಿಂದಿನಿಂದ ಒಬ್ಬ ಹೆಂಗಸು ಬಂದು ತೋಳು ಹಿಡಿದಳು. "ನಿಧಾನ ಬನ್ನಿ ಅಮ್ಮ, ನಾನೂ ಅಲ್ಲಿಗೇ."

ಬೆಂಚಿನಲ್ಲಿ ಕೂರಿಸಿದಳು. ನನ್ನ ರವಿಕೆಯ ತೋಳಿನ ಹೊಲಿಗೆ ಬಿಟ್ಟದ್ದು ಕಣ್ಣಿಗೆ ಬಿತ್ತು. ಚೀಲದಿಂದ ಸೂಜಿ ದಾರ ತೆಗೆದು, "ಅಲ್ಲಾಡ್ಬೇಡಿ" ಎಂದು ಅಲ್ಲೇ ಹೊಲಿದು ದಾರವನ್ನು ಹಲ್ಲಿನಲ್ಲಿ ಕಡಿದಳು. "ಟೇಲರಿಂಗ್ ಮಾಡ್ತೀನಿ. ಬಿಚ್ಚಿದ್ದು ಕಂಡ್ರೆ ಕೈ ಸುಮ್ನಿರಲ್ಲ."

"ಇಲ್ಲಿಗ್ಯಾಕೆ ಬಂದೆ ತಾಯಿ?"

"ಮಗನ ವಿಷಯ. ಒಂದು ಟೋಪಿ ಹೊಲಿದು ಕೊಟ್ಟೆ ನೋಡಿ, ಅದೇ ತಪ್ಪಾಯ್ತು. ಮಲಗಿದ್ರೂ ತೆಗೆಯಲ್ಲ. ಕೂದ್ಲು ಬಂದಿದೆ ಕಣೋ ಅಂತೀನಿ. ಬಂದಿಲ್ಲ ಅಂತಾನೆ." ಸೂಜಿಯನ್ನು ಚೀಲಕ್ಕೆ ಚುಚ್ಚಿದಳು. "ನೀವು?"

"ಮೊಮ್ಮಗನ ವಿಷಯ."

"ಒಳ್ಳೇದಾಗ್ಲಿ."

ಊರಿಗೆಲ್ಲ ಉತ್ತರ ಕೊಡುವ ಬಾಯಿ ನನ್ನದು. ಸೆರಗು ಸರಿಮಾಡಿಕೊಳ್ಳುತ್ತ ಕೂತೆ. ಒಳಗಿನಿಂದ ಕರೆದರು.

ಮಾರ್ಚ್ ೧೦

ಶನಿವಾರ ಅಂದೆ.

ಕಮಿಟಿಯ ನಡುವೆ ಕೂತ ಮೇಡಂ ಕನ್ನಡಕ ತೆಗೆದು ಕೇಳಿದ್ದರು, "ಯಾವ ವಾರ ಅಜ್ಜಿ? ಯೋಚನೆ ಮಾಡಿ ಹೇಳಿ." ಒಳ್ಳೆಯ ಹೆಂಗಸು. ನೀರು ಕೊಡಿಸಿದರು. ಮಗ ನೆಲ ನೋಡುತ್ತಿದ್ದ. ದೊರೆ ನನ್ನನ್ನೇ ನೋಡುತ್ತಿದ್ದ, ಐದು ವರ್ಷದವನಿದ್ದಾಗ ಇಂಜೆಕ್ಷನ್ನಿಗೆ ಕರೆದುಕೊಂಡು ಹೋದರೆ ನೋಡುತ್ತಿದ್ದನಲ್ಲ, ಹಾಗೆ. ಭಾನುವಾರ ಗಂಟಲ ತನಕ ಬಂದಿತ್ತು. ಆಚೆ ಬಂದದ್ದು ಶನಿವಾರ.

ಹೊರಗೆ ಬಂದೆ. ಟೇಲರಮ್ಮ ಎದ್ದು ನನಗೆ ಜಾಗ ಮಾಡಿದಳು. ದೊರೆ ನನ್ನ ಹಿಂದೆಯೇ ಬಂದು ಭುಜದ ಮೇಲೆ ಕೈ ಹಾಕಿದ. ಅವಳು ಅವನನ್ನು ನೋಡಿದಳು. ನನ್ನನ್ನು ನೋಡಿದಳು. ತಾನು ಹೊಲಿದ ತೋಳು ನೋಡಿದಳು. ಬೈದಿದ್ದರೆ ನಾನೂ ನಾಲ್ಕು ಬೈಯಬಹುದಿತ್ತು.

ಮಾರ್ಚ್ ೨೧

ಗೆದ್ದರು. ಅನುಮಾನಕ್ಕೆ ಎಡೆಯಿದೆ ಎಂದು ಡಿಸ್ಮಿಸ್ ರದ್ದು. ಸೊಸೆ ಕೇಕು ತರಿಸಿದಳು. ನನಗೆ ದೊಡ್ಡ ತುಂಡು. ಇಷ್ಟು ದಿನ ನನಗೆ ಸಕ್ಕರೆ ಆಗಿಬರುವುದಿಲ್ಲ ಎಂದು ಕಾವಲು ಕಾಯುತ್ತಿದ್ದವಳು.

ಆ ಹುಡುಗ ಟೀಸಿ ತೆಗೆದುಕೊಂಡು ಹೋಗಿಬಿಟ್ಟನಂತೆ. ದೊರೆಯೇ ಹೇಳಿದ, ಬಾಯಲ್ಲಿ ಕೇಕಿಟ್ಟುಕೊಂಡು. "ಅವ್ನಿಗೆ ತಮಾಷೆ ಅಂದ್ರೇನು ಅಂತಾನೇ ಗೊತ್ತಿಲ್ಲ ಅಜ್ಜಿ."

ನನ್ನ ತುಂಡು ಹಾಗೇ ಇದೆ. ಇರುವೆ ಮುತ್ತಿದೆ. ಅವಾದರೂ ತಿನ್ನಲಿ.

ಮಾರ್ಚ್ ೨೩, ಮಧ್ಯಾಹ್ನ

ನಾಳೆ ಸಂಜೆ ಅವನು ಹಾಸ್ಟೆಲಿಗೆ ಹೊರಡುತ್ತಾನೆ. ಟ್ರಂಕು ಮತ್ತೆ ಹಾಲಿಗೆ ಬಂತು.

ಈಗ ಸ್ವಲ್ಪ ಮೊದಲು ಬಿಸಿನೀರು ತಂದ. "ಕಾಲು ಕೊಡು ಅಜ್ಜಿ. ಹೋದ್ಮೇಲೆ ಯಾರು ಕತ್ತರಿಸ್ತಾರೆ ನಿಂಗೆ?"

ಕೊಟ್ಟೆ. ಬಲಗಾಲು. ಅದೇ ಮೆತ್ತನೆ ಕೈ. ಹೆಬ್ಬೆರಳು ಮುಗಿಸಿದ. ಉಫ್. ತಡೆದುಕೊಂಡೆ. ಕಿರುಬೆರಳ ತನಕ ತಡೆದುಕೊಂಡೆ.

"ಆ ಹುಡುಗನ ಕತ್ತಿಗೂ ಹೀಗೇ ಊದಿದೆಯಲ್ಲೋ."

ಕೈ ನಿಂತಿತು. ಅಳುತ್ತಾನೆ ಅಂದುಕೊಂಡೆ. ಅತ್ತಿದ್ದರೆ — ಏನು ಮಾಡುತ್ತಿದ್ದೆನೋ, ಸೆರಗಿನಲ್ಲಿ ಒರೆಸುತ್ತಿದ್ದೆನೋ ಏನೋ.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಹೇಳಿದ್ಯಲ್ಲ. ಮತ್ತೆ ಈಗೇನು ನಿಂದು?" ನಕ್ಕ. "ಬಾ, ಆ ಕಾಲು ಕೊಡು."

ಕೊಡಲಿಲ್ಲ. ಕಾದ. ನೇಲ್ ಕಟರನ್ನು ಕಿಟಕಿಯ ಕಟ್ಟೆಯ ಮೇಲೆ ಎಸೆದು ಹೋದ. ನೀರು ಇಲ್ಲೇ ಆರುತ್ತಿದೆ.

ನಾಳೆ ಬೆಳಗ್ಗೆ ಯೂನಿವರ್ಸಿಟಿ ಆಫೀಸು ಹತ್ತಕ್ಕೆ ತೆಗೆಯುತ್ತದಂತೆ, ನರ್ಸು ಹೇಳಿದಳು. ಬಸ್ಸು ಹತ್ತಿಸಿ ಬರುತ್ತಾಳಂತೆ. ಮೆಟ್ಟಿಲು ಹೇಗೋ. ರವಿಕೆ ಅದೇ ಇರಲಿ, ಟೇಲರಮ್ಮ ಹೊಲಿದದ್ದು. ಚಪ್ಪಲಿ ಹಾಕಿ ನೋಡಿದೆ, ಎಡಗಾಲಿನ ಉಗುರು ಪಟ್ಟಿಗೆ ಚುಚ್ಚುತ್ತದೆ. ಚುಚ್ಚಲಿ. ಆ ಮೇಡಂ ಕನ್ನಡಕ ತೆಗೆದು ಯಾವ ವಾರ ಎಂದು ಇನ್ನೊಂದು ಸಲ ಕೇಳಿದರೆ —