ಹಜ್ಜಿಗೆ ಹೊರಟವಳ ಮಾಫಿ

ಸಿದ್ದಾಪುರ,
೨೦ ಏಪ್ರಿಲ್ ೨೦೨೫, ಭಾನುವಾರ

ಪ್ರೀತಿಯ ಗೀತಾ,

ನಿನಗೂ ಯಲ್ಲಾಪುರದ ನಿನ್ನ ಮನೆಯವರೆಲ್ಲರಿಗೂ ಸಲಾಮು, ಶರಣು, ಎರಡೂ. ನೀನು ಫೋನಿನಲ್ಲಿ ಕೇಳಿ ಒಂದು ತಿಂಗಳಾಯಿತು, ಉತ್ತರ ಈಗ ಬರೆಯುತ್ತಿದ್ದೇನೆ. ಬೈಯಬೇಡ. ಬೈದರೂ ಬೈ, ಈ ತಿಂಗಳು ಬೈಸಿಕೊಂಡು ಬೈಸಿಕೊಂಡು ಅಭ್ಯಾಸವಾಗಿದೆ. ಹಜ್ಜಿಗೆ ಹೊರಡುವವರು ಗುರುತಿನವರ ಮನೆಮನೆಗೆ ಹೋಗಿ "ಹೇಳಿದ್ದು ಕೇಳಿದ್ದು ಮಾಫ್ ಮಾಡಿ" ಎಂದು ಕೇಳಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಸಿದ್ದಾಪುರ, ಶಿರಸಿ ಸೇರಿ ನಲವತ್ತು ಮನೆ ಮುಗಿಸಿದೆ. ಮಂಡಿ ಎರಡೂ ಕೈಕೊಟ್ಟಿವೆ. ಹೋದಲ್ಲೆಲ್ಲ ಚಾ, ಚಾದ ಮೇಲೆ ಶರಬತ್ತು. ನಮ್ಮ ಓಣಿಯ ಹಲೀಮಾ ಇಪ್ಪತ್ತು ವರ್ಷದ ಹಿಂದಿನ ಕೋಳಿಯ ಜಗಳ ತೆಗೆದು, ಒಂದು ತಾಸು ಉಗಿದು, ಆಮೇಲೆ ಮಾಫ್ ಮಾಡಿದಳು. ಸುಸ್ತಾಗಿದೆ ಮಾರಾಯ್ತಿ.

ನಿನಗೆ ಮಾತ್ರ ಫೋನಿನಲ್ಲೇ ಕೇಳಿದೆ. ಅದಕ್ಕೆ ನೀನು ಅಂದದ್ದು ಕಿವಿಯಲ್ಲೇ ಇದೆ: "ಏನಲೇ ಜೈತೂ, ನನ್ನ ಹತ್ರ ಎಂಥಾ ಮಾಫಿ? ಸಾಲ್ಯಾಗ ಅಷ್ಟು ವರ್ಷ ನಿನ್ನ ಡಬ್ಬಿಯೊಳಗಿನ ಪಲ್ಯ ತಿಂದೇನಿ, ನಿಮ್ಮ ಧರ್ಮದಾಗ ಏನೈತಿ ಅಂತ ಒಂದ ದಿನಾ ಕೇಳಿಲ್ಲ. ಮೊಮ್ಮಗಳು ಅಭಿಜ್ಞಾ ಕೇಳಿದ್ರ ನನಗ ಹೇಳಾಕ ಬರವಲ್ದು. ಒಂದನೇ ಇಯತ್ತೆ ಹುಡುಗರಿಗೆ ಹೇಳ್ದಂಗ ಬರದು ಕಳಿಸು." ಮೂವತ್ತೆರಡು ವರ್ಷ ಪಾಠ ಹೇಳಿದವಳಿಗೆ ಇದೇನು ದೊಡ್ಡದು ಎಂದುಕೊಂಡೆ. ಕೂತರೆ ಪೆನ್ನು ಓಡುತ್ತಿಲ್ಲ.

ಇರಲಿ, ಬರೆಯುತ್ತೇನೆ. ಮೊದಲನೆಯದು, ದೇವರು ಒಬ್ಬನೇ. ಅವನಿಗೆ ರೂಪವಿಲ್ಲ, ಜೊತೆಗಾರರಿಲ್ಲ. ಅವನು ಯಾರಿಂದಲೂ ಹುಟ್ಟಿದವನಲ್ಲ, ಯಾರನ್ನೂ ಹೆತ್ತವನಲ್ಲ. ಅವನನ್ನು ಬಿಟ್ಟು ಆರಾಧನೆಗೆ ಬೇರೆ ಯಾರೂ ಇಲ್ಲ, ಮುಹಮ್ಮದರು ಅವನ ದೂತರು ಎಂದು ಮನಸ್ಸಿನಿಂದ ಒಪ್ಪಿ ಬಾಯಿಂದ ಹೇಳಿದರೆ ಆ ಮನುಷ್ಯ ಮುಸಲ್ಮಾನ. ಇದನ್ನು ನಾವು ಕಲಿಮಾ ಎನ್ನುತ್ತೇವೆ. ಹುಟ್ಟಿದ ಕೂಸಿನ ಕಿವಿಯಲ್ಲಿ ಹೇಳುವ ಬಾಂಗಿನಲ್ಲೂ ಇದೇ ಮಾತಿದೆ, ಸಾಯುವವರ ಬಾಯಲ್ಲಿ ಬರಲಿ ಎಂದು ಹಾರೈಸುವುದೂ ಇದನ್ನೇ. ನಮ್ಮ ಮನೆಯವರು ಹೋಗುವಾಗ ನಾನೇ ಕಿವಿಯ ಹತ್ತಿರ ಹೇಳಿದೆ. ತುಟಿ ಅಲ್ಲಾಡಿತು.

ದೂತರು ಒಬ್ಬರೇ ಅಲ್ಲ. ಆದಮರಿಂದ ಹಿಡಿದು ಎಷ್ಟೋ ಪ್ರವಾದಿಗಳು ಬಂದರು. ಇಬ್ರಾಹೀಮರು, ಯಹೂದಿಗಳ ಮೂಸಾ, ಕ್ರೈಸ್ತರ ಈಸಾ ಎಲ್ಲ ನಮ್ಮವರೇ, ಮುಹಮ್ಮದರು ಕೊನೆಯವರು. ಅವರನ್ನು ನಾವು ಗೌರವಿಸುತ್ತೇವೆ, ಪೂಜಿಸುವುದಿಲ್ಲ. ಅಭಿಜ್ಞಾಳಿಗೆ ಇದನ್ನು ಒತ್ತಿ ಹೇಳು, ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ಆ ದೂತರಲ್ಲಿ ಕೆಲವರಿಗೆ ಗ್ರಂಥಗಳು ಇಳಿದವು. ತೌರಾತು, ಜಬೂರು, ಇಂಜೀಲು, ಕಡೆಗೆ ಕುರಾನು. ದೇವರ ಮಾತನ್ನು ಹೊತ್ತು ತಂದವನು ಜಿಬ್ರೀಲ್ ಎಂಬ ಮಲಕು. ಮಲಕುಗಳೆಂದರೆ ಬೆಳಕಿನಿಂದ ಆದವರು, ಅವರಿಗೆ ಹಸಿವಿಲ್ಲ, ದಣಿವಿಲ್ಲ. ಪುಣ್ಯವಂತರು! ನಮ್ಮ ಒಬ್ಬೊಬ್ಬರ ಜೊತೆಗೂ ಇಬ್ಬರಿದ್ದಾರೆ. ಬಲಗಡೆಯವನು ಒಳ್ಳೆಯದನ್ನು ಬರೆದುಕೊಳ್ಳುತ್ತಾನೆ, ಎಡಗಡೆಯವನು ಕೆಟ್ಟದ್ದನ್ನು. ತರಗತಿಯ ಮಾನಿಟರ್ ಇದ್ದಂತೆ, ಆದರೆ ಇವರಿಗೆ ಪೆಪ್ಪರಮಿಂಟು ಕೊಟ್ಟು ಹೆಸರು ಅಳಿಸಿಕೊಳ್ಳಲು ಬರುವುದಿಲ್ಲ.

ಆ ಬರೆದದ್ದೆಲ್ಲ ಕಿಯಾಮತ್ತಿನ ದಿನ, ಅಂದರೆ ಲೋಕ ಮುಗಿದು ಸತ್ತವರೆಲ್ಲ ಎದ್ದು ನಿಲ್ಲುವ ದಿನ, ನಮ್ಮ ಕೈಗೇ ಬರುತ್ತದೆ. ನಾವೇ ಓದಿಕೊಳ್ಳಬೇಕು. ಅಲ್ಲಾಹನಿಗೆ ಮಾಡಿದ ತಪ್ಪನ್ನು ಅಲ್ಲಾಹ ಬೇಕಾದರೆ ಮನ್ನಿಸುತ್ತಾನೆ, ಅವನ ದಯೆಗೆ ಅಂಚಿಲ್ಲ. ಆದರೆ ಇನ್ನೊಬ್ಬರಿಗೆ ಮಾಡಿದ ಅನ್ಯಾಯವನ್ನು ಆ ಇನ್ನೊಬ್ಬರೇ ಮನ್ನಿಸಬೇಕು. ಅದಕ್ಕೇ ಈ ಮುದುಕಿ ಮಂಡಿ ಹಿಡಿದುಕೊಂಡು ಮನೆಮನೆ ಅಲೆಯುತ್ತಿರುವುದು.

ಇನ್ನು ತಕದೀರು. ಒಳ್ಳೆಯದೂ ಕೆಟ್ಟದ್ದೂ ಅಲ್ಲಾಹನ ತಿಳಿವಿನಲ್ಲಿ, ಅವನ ನಿರ್ಣಯದಲ್ಲೇ ನಡೆಯುತ್ತದೆ ಎಂಬ ನಂಬಿಕೆ. ಇದು ನನಗೆ ಯಾವಾಗಲೂ ಕಷ್ಟದ ಪಾಠ. ನಮ್ಮ ಶಾಲೆಯ ಹುಡುಗಿ ಹೊನ್ನಿಯ ಕೈ ಮುರಿದಾಗ ನಮ್ಮ ಮನೆಯವರು "ಅವಳ ನಸೀಬು, ಬಿಡು" ಎಂದಿದ್ದರು. ಮೊನ್ನೆ ಹಜ್ಜಿನ ತರಬೇತಿಯಲ್ಲಿ ಮೌಲ್ವಿಗಳನ್ನು ಕೇಳಿದೆ. "ಅಮ್ಮಾ, ಮೇಲೆ ಬಂದ ಕಷ್ಟವನ್ನು ತಡೆದುಕೊಳ್ಳಲಿಕ್ಕೆ ತಕದೀರು. ತಾನು ಮಾಡಿದ ತಪ್ಪು ಮುಚ್ಚಿಕೊಳ್ಳಲಿಕ್ಕೆ ಅಲ್ಲ" ಎಂದರು. ವಯಸ್ಸು ಮೂವತ್ತಿಲ್ಲ ಆ ಹುಡುಗನಿಗೆ. ನನ್ನ ಮೊಮ್ಮಗನ ಹಾಗಿದ್ದಾನೆ. ನನಗೆ ತಲೆ ಎತ್ತಲು ಆಗಲಿಲ್ಲ.

ನಂಬಿಕೆ ಇಷ್ಟು. ಮಾಡಬೇಕಾದ ಕೆಲಸಗಳಲ್ಲಿ ಕಲಿಮಾ ಆಯಿತು, ಆಮೇಲೆ ದಿನಕ್ಕೆ ಐದು ಹೊತ್ತು ನಮಾಜು, ರಂಜಾನಿನ ಉಪವಾಸ ರೋಜ, ಉಳ್ಳವರು ಬಡವರಿಗೆ ಕೊಡಬೇಕಾದ ಜಕಾತು, ಶಕ್ತಿಯಿದ್ದರೆ ಜೀವಮಾನದಲ್ಲಿ ಒಮ್ಮೆ ಹಜ್ಜು. ಧರ್ಮ ನೀನು ತಿಳಿದಷ್ಟು ಬಿಗಿಯಲ್ಲ. ಕಾಯಿಲೆಯವರಿಗೆ, ಪ್ರಯಾಣದವರಿಗೆ ರಿಯಾಯಿತಿಯಿದೆ. ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ರೋಜವೂ ಇಲ್ಲ, ನಮಾಜೂ ಇಲ್ಲ. ರೋಜವನ್ನು ಆಮೇಲೆ ಹಿಡಿದು ತುಂಬಿಸಬೇಕು, ನಮಾಜಿಗೆ ಅದೂ ಬೇಡ.

ಹೊನ್ನಿಯ ಹೆಸರು ಬಂತಲ್ಲ, ಹೇಳುತ್ತೇನೆ. ಹೋದ ವಾರ ಶಿರಸಿಯ ಆಚೆ ಅವಳ ಗಂಡನ ಮನೆಗೆ ಹೋಗಿದ್ದೆ. ಈಗ ಇಬ್ಬರು ಮಕ್ಕಳ ತಾಯಿ. ಎಡಗೈ ಇನ್ನೂ ಮೊಣಕೈಯಿಂದ ನೆಟ್ಟಗಾಗುವುದಿಲ್ಲ, ಕೊಡ ಎತ್ತಬೇಕಾದರೆ ಮಗಳು ಬರಬೇಕು. ಮೂವತ್ತೊಂದು ವರ್ಷ ಅವಳು ತಿಳಿದದ್ದು, ಅವತ್ತು ಊಟದ ಬಿಡುವಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಪಾಳಿ ಗೀತಾ ಟೀಚರದ್ದು ಎಂದು. ವಿಚಾರಣೆಗೆ ಬಂದ ಸಾಹೇಬರ ಮುಂದೆ ನೀನು ಹಾಗೆಂದಿದ್ದೆಯಲ್ಲ. ನಾನು ಹೇಳಿಬಿಟ್ಟೆ: "ಹೊನ್ನೀ, ನೀನು ನೇರಳೆ ಮರದಿಂದ ಬಿದ್ದ ದಿನ ಪಾಳಿ ನಂದು. ಗೀತಾ ಟೀಚರು ನನ್ನ ತಪ್ಪು ತನ್ನ ತಲೆ ಮೇಲೆ ಹಾಕಿಕೊಂಡಳು. ನಾನು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದೆ." ಅವಳು ನಕ್ಕಳು. "ಅಯ್ಯ, ನಮಾಜು ಮಾಡ್ತಿದ್ರಿ ಅಲ್ದಾ? ದೇವ್ರ ಕೆಲ್ಸಕ್ಕೆ ಹೋದವ್ರಿಗೆ ಎಂತ ತಪ್ಪು ಟೀಚರೇ? ಚಾ ಕುಡೀರಿ." ಕುಡಿದೆ.

ನೀನೂ ಅವತ್ತು ಅಂದದ್ದು ಇದನ್ನೇ. ಸಾಹೇಬರು "ಪಾಳಿ ಯಾರದ್ದು?" ಎಂದು ಕೇಳಿದಾಗ ನೀನು ನನ್ನ ಕಡೆ ನೋಡಿದೆ, ನಾನು ನೆಲ ನೋಡಿದೆ. "ನಂದರಿ ಸರ" ಎಂದೆ ನೀನು. ಆಮೇಲೆ ನಾನು ಅತ್ತಾಗ, "ನಮಾಜಿಗೆ ಹೋಗಿದ್ಲು ಅಂತ ಹೇಳಿದ್ರ ಊರಾಗ ಏನ ಮಾತಾಡ್ತಿದ್ರು ಗೊತ್ತೈತೇನು? ಸುಮ್ನಿರು" ಎಂದೆ ನೀನು. ಆ ದಿನಗಳ ಗಾಳಿ ಸರಿ ಇರಲಿಲ್ಲ, ನಿಜ. ಅದಕ್ಕೆ ಶಿಕ್ಷೆಯಾಗಿ ನೀನು ಮೂರು ತಿಂಗಳ ಕೂಸು ಕಟ್ಟಿಕೊಂಡು ಯಲ್ಲಾಪುರದ ಕಾಡಿನಂಚಿನ ಶಾಲೆಗೆ ವರ್ಗವಾಗಿ ಹೋದೆ. ದಿನಾ ಮೂರು ಮೈಲಿ ನಡಿಗೆ. ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು, ಕಣೇ.

ಮೇ ಎರಡನೇ ತಾರೀಖು ಸಂಜೆ ಮಗ ಆರಿಫನ ಜೊತೆ ಬಸ್ಸು ಹತ್ತುತ್ತೇನೆ. ಅಭಿಜ್ಞಾ ಚೆನ್ನಾಗಿ ಓದಲಿ, ನಿನ್ನ ಮೊಣಕಾಲು ನನ್ನವಕ್ಕಿಂತ ಗಟ್ಟಿಯಾಗಿರಲಿ, ನಿನ್ನ ಮನೆಯ ಒಲೆ ಯಾವತ್ತೂ ತಣ್ಣಗಾಗದಿರಲಿ. ಕಾಬಾದ ಮುಂದೆ ನಿಂತಾಗ ನಿನ್ನ ಹೆಸರು ಹಿಡಿದು ದುವಾ ಮಾಡುತ್ತೇನೆ, ಅಲ್ಲಿಯತನಕ ಹೋಗುವ ಯೋಗ್ಯತೆ ಉಳಿದಿದ್ದರೆ.

ಇಂತಿ ನಿನ್ನ
ಜೈತುನಬಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಗೀತಾ, ಅವತ್ತು ನಾನು ನಮಾಜು ಮಾಡುತ್ತಿರಲಿಲ್ಲ. ಮುಟ್ಟಾಗಿ ಎರಡನೇ ದಿನ, ನನಗೆ ನಮಾಜೇ ಇರಲಿಲ್ಲ. ಚಾಪೆ ಸುತ್ತಿ ಮೂಲೆಯಲ್ಲಿತ್ತು. ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದೆ. ನಾನು ಬಾಗಿಲು ಹಾಕಿಕೊಂಡರೆ ನಮಾಜೆಂದು ತಿಳಿದು ನೀವು ಯಾರೂ ಬಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೊನ್ನಿ ಕೂಗಿದ್ದು ಕೇಳಿಸಿತು. ಮಕ್ಕಳ ಗಲಾಟೆ ಎಂದುಕೊಂಡು ಆ ಪುಟ ಮುಗಿಸಿ ಎದ್ದೆ. ನಾಳೆ ಹೊನ್ನಿಯ ಮನೆಗೆ ಮತ್ತೆ ಹೋಗಿ ಇದನ್ನೂ ಹೇಳುತ್ತೇನೆ. ನೀವಿಬ್ಬರೂ ಇಷ್ಟು ವರ್ಷ ಮಾಫ್ ಮಾಡಿದ್ದು ನಮಾಜು ಮಾಡುತ್ತಿದ್ದವಳನ್ನು. ಪುಟ ಮುಗಿಸಿ ಎದ್ದವಳನ್ನು ಇನ್ನೂ ಯಾರೂ ಮಾಫ್ ಮಾಡಿಲ್ಲ. ಎರಡನೇ ತಾರೀಖಿನೊಳಗೆ ಫೋನು ಮಾಡು. ಆಗುವುದಿಲ್ಲ ಎನ್ನುವುದಾದರೂ ಮಾಡು.