ಅರ್ಧ ಹನಿ

ಅಪ್ಪಾ,

ನೀನು ಹೋದಮೇಲೆ ಇವತ್ತೇ ಮೊದಲ ಪ್ರಾಕ್ಟಿಕಲ್, ಗೆದ್ದುಬಿಟ್ಟೆ! ಆಮ್ಲವಿದ್ದ ಫ್ಲಾಸ್ಕಿಗೆ ಬ್ಯುರೆಟ್‌ನಿಂದ ಹನಿಹನಿಯಾಗಿ ಕ್ಷಾರ ಬಿಡುತ್ತ, ಬಣ್ಣ ಗುಲಾಬಿಗೆ ತಿರುಗುವ ಗಳಿಗೆಯಲ್ಲಿ ನಿಲ್ಲಿಸಬೇಕಿತ್ತು. ಪಕ್ಕದ ಮೇಜಿನ ಜಾಣಮರಿ ಆತುರಪಟ್ಟ; ಅವನ ಫ್ಲಾಸ್ಕಿನ ತುಂಬ ಬೀಟ್‌ರೂಟ್ ರಸ! ನಾನು ನೀನು ಹೇಳಿದ್ದಂತೆ ಫ್ಲಾಸ್ಕಿನ ಕೆಳಗೆ ಬಿಳಿ ಕಾಗದವಿಟ್ಟೆ. ಕೊನೆಗೆ ಬ್ಯುರೆಟ್ಟಿನ ತುದಿಯಲ್ಲಿ ತೂಗುತ್ತಿದ್ದ ಅರ್ಧ ಹನಿಯನ್ನು ಫ್ಲಾಸ್ಕಿನ ಒಳಗೋಡೆಗೆ ಒರೆಸಿ, ನೀರು ಹಾಯಿಸಿ, ಮೆಲ್ಲಗೆ ಅಲ್ಲಾಡಿಸಿದೆ. ಕಂಡೂ ಕಾಣದಷ್ಟು ತೆಳು ಗುಲಾಬಿ! ಮೂರು ಸಲವೂ ಒಂದೇ ಅಳತೆ. ನಿಂತಲ್ಲೇ ಕುಣಿದೆ.

ಕೆಮಿಸ್ಟ್ರಿ ಮೇಡಂ ಬಗ್ಗಿ ನೋಡಿದರು. "ಅರ್ಧ ಹನಿ ಬಿಡೋದನ್ನ ನಾನಿನ್ನೂ ಹೇಳೇ ಕೊಟ್ಟಿಲ್ಲ. ಯಾರೇ ಕಲಿಸಿದ್ದು?"

ಎರಡು ವರ್ಷ ಇದೇ ಲ್ಯಾಬಿನಲ್ಲಿ ನಾನೂ ಎಲ್ಲರ ಹಾಗೆ, "ಅಟೆಂಡರ್, ಒಂದು ಬೀಕರ್ ಕೊಡಿ" ಎನ್ನುತ್ತಿದ್ದೆ. ನೀನು ಒರೆಸಿ, ನಗುತ್ತ ಕೊಡುತ್ತಿದ್ದೆ. ಮನೆಗೆ ಬಂದಮೇಲೂ ಆ ಮಾತು ಎತ್ತುತ್ತಿರಲಿಲ್ಲ.

ಇವತ್ತು ಕೊನೆಯ ಮೇಜಿಗೂ ಕೇಳುವಂತೆ ಹೇಳಿದೆ: "ನಮ್ಮಪ್ಪ, ಮೇಡಂ. ಇಲ್ಲಿ ಅಟೆಂಡರ್ ಆಗಿದ್ರಲ್ಲ, ಅವರೇ."

ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕರು.

"ಹಾಗಾದ್ರೆ ನಂಗೂ ನಿಂಗೂ ಒಬ್ರೇ ಮೇಷ್ಟ್ರು ಕಣೇ!"