ಚರಗಕ್ಕಿಂತ ಮೊದಲ ತುತ್ತು

ನಾರಾಯಣಪುರ, ಬಸವಕಲ್ಯಾಣ ತಾಲೂಕು
೨೮ ಡಿಸೆಂಬರ್ ೨೦೨೫

ಪ್ರೀತಿಯ ಜಗದೇವಿ ಅಕ್ಕನಿಗೆ ಮನಿಷಾಳ ನಮಸ್ಕಾರ.

ನನ್ನ ಅಕ್ಷರ ಕಾಗೆಕಾಲಿನಂತಿದೆ, ತಪ್ಪುಗಳೂ ಇರುತ್ತವೆ. ಐದನೆಯ ತರಗತಿಯ ನಂತರ ಪೆನ್ನು ಹಿಡಿದದ್ದೇ ಕಡಿಮೆ, ನಗಬೇಡ. ಎಳ್ಳಮವಾಸ್ಯೆಯ ಮರುದಿನವೇ ಬರೆಯಬೇಕಿತ್ತು, ಆಗಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಮನೆಯವರೆಲ್ಲ ಕೇಳುತ್ತಾರೆ. ನನಗೆ ಬಾಯಿ ಬರುವುದಿಲ್ಲ.

ಹಬ್ಬದ ದಿನ ಶ್ರಾವಣಿಗೆ ಇನ್ಸುಲಿನ್ ಸೂಜಿ ಹಾಕಿಯೇ ಹೊಲಕ್ಕೆ ಕರೆದುಕೊಂಡು ಹೋದೆ. ಹೋದ ಕೂಡಲೇ ಊಟ ಅಂದುಕೊಂಡಿದ್ದೆ. ಆದರೆ ಭೂಮಿತಾಯಿಗೆ ಮೊದಲ ಎಡೆಯಾಗಿ ಹೊಲದ ತುಂಬ ಚರಗ ಚೆಲ್ಲುವ ತನಕ ಯಾರೂ ಬುತ್ತಿ ಬಿಚ್ಚುವಂತಿಲ್ಲ. ಚೆಲ್ಲಬೇಕಾದವರು ನನ್ನ ಗಂಡನ ಅಣ್ಣ ಸೂರ್ಯಕಾಂತ; ಅವರು ಹುಮನಾಬಾದಿನಿಂದ ಇನ್ನೂ ಬಂದಿರಲಿಲ್ಲ. ಹುಡುಗಿ ಬೆವರತೊಡಗಿದಳು, ಕೈ ನಡುಗಿದವು. "ಅವ್ವಾ, ಕಣ್ಣ ಕತ್ತಲ ಆಗಾಕತ್ತಾವ" ಅಂದಳು. ನಾನು ಬುತ್ತಿಯನ್ನೂ ಅತ್ತೆಯ ಮುಖವನ್ನೂ ನೋಡುತ್ತಾ ನಿಂತೆ. ಅತ್ತೆಯೇ ಬುತ್ತಿ ಬಿಚ್ಚಿ ಬೆಲ್ಲದ ತುಂಡನ್ನು ಅವಳ ಬಾಯಿಗಿಟ್ಟರು. "ಭೂಮಿತಾಯಿ ತಡೀತಾಳ, ಕೂಸು ತಡಿಯಲ್ಲ. ಏನ್ ನೋಡ್ಕೋತ ನಿಂತಿ?" ಅಂತ ನನಗೆ ಬೈದರು.

ಅವಳು ಚೇತರಿಸಿಕೊಂಡಳು. ಆಮೇಲೆ ಹೆದರಿದವರೆಲ್ಲ ಒಬ್ಬೊಬ್ಬರೂ ಶೇಂಗಾ ಹೋಳಿಗೆ ತಿನ್ನಿಸಿದರು. ಸಂಜೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮುನ್ನೂರ ಎಂಬತ್ತು!

ಹುಮನಾಬಾದಿನ ಮಕ್ಕಳ ಡಾಕ್ಟರಿಗೆ ತೋರಿಸಿದೆವು. "ಜ್ವಾಳದ ರೊಟ್ಟಿಗೂ ಅಳತಿ ಬೇಕವ್ವ. ಸೂಜಿ ಹಾಕಿದ ಮ್ಯಾಲೆ ಊಟ ತಡ ಮಾಡಬ್ಯಾಡ್ರಿ" ಅಂದರು. ತಲೆ ಆಡಿಸಿ ಬಂದೆ. ಮನೆಗೆ ಬಂದರೆ ಅತ್ತೆ ಅನ್ನ ಪೂರ್ತಿ ಬಿಡಿಸು ಅನ್ನುತ್ತಾರೆ. ಪಕ್ಕದ ಮನೆಯ ಸರ್ವರಿ ಆಪಾ ಹಾಗಲಕಾಯಿ ರಸ ತಂದರೆ ಶ್ರಾವಣಿ, "ಮೊದಲ ನಿಮ್ಮ ಆಡಿಗೆ ಕುಡಸಿ ನೋಡ್ರಿ" ಅಂದುಬಿಟ್ಟಳು. ಉಂಡರೆ ಏರುತ್ತದೆ, ಉಣ್ಣದಿದ್ದರೆ ಇಳಿಯುತ್ತದೆ. ನಾನು ಅಂಜಬೇಕಾದದ್ದು ಊಟಕ್ಕೋ ಹಸಿವಿಗೋ, ಒಂದೂ ತಿಳಿಯದಾಗಿದೆ ಅಕ್ಕ.

ಭಾವನವರಿಗೆ ನಮಸ್ಕಾರ ಹೇಳು. ನಿನ್ನ ಮಕ್ಕಳು ಹೊಟ್ಟೆತುಂಬ ಉಂಡು ಚೆನ್ನಾಗಿರಲಿ.

ನಿನ್ನ ತಂಗಿ,
ಮನಿಷಾ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ಅಂದು ಹೊಲದಲ್ಲಿ ನೆಗೆಣ್ಣಿ ರೂಪಾಲಿ, "ಚರಗಕ್ಕಿಂತ ಮೊದಲ ಉಂಡಾಳ ನೋಡ್ರಿ ನಮ್ಮ ಮಹಾರಾಣಿ! ಈ ವರ್ಷ ತೊಗರಿ ಬೆಳದಂಗ ಬಿಡ್ರಿ" ಅಂತ ನಕ್ಕಳು. ಅಂದಿನಿಂದ ಶ್ರಾವಣಿ ಸೂಜಿ ಹಾಕಿಸಿಕೊಳ್ಳುತ್ತಾಳೆ, ತಟ್ಟೆ ಮುಂದಿಟ್ಟರೆ ಮುಟ್ಟುವುದಿಲ್ಲ. "ಎಲ್ಲಾರದು ಆಗ್ಲಿ" ಅನ್ನುತ್ತಾಳೆ. ನಿನ್ನೆ ಬೈದರೆ, "ನೀನೂ ಎಲ್ಲಾರೂ ಉಂಡ ಮ್ಯಾಲೇ ಉಣ್ತಿ ಅಲ್ಲಾ? ನನಗಷ್ಟೇ ಯಾಕ ಬೈತಿ?" ಅಂದಳು. ಈ ಮನೆಗೆ ಬಂದಾಗಿನಿಂದ ಅತ್ತೆ, ಗಂಡಸರು ಉಣ್ಣದೆ ನಾನು ತಟ್ಟೆ ಹಾಕಿಕೊಂಡದ್ದಿಲ್ಲ.

ಇಂದು ಬೆಳಿಗ್ಗೆ ಸೂಜಿ ಹಾಕಿ ಅವಳ ತಟ್ಟೆಯ ಪಕ್ಕ ನನ್ನದನ್ನೂ ಇಟ್ಟೆ. ಅತ್ತೆ ಅಂಗಳದಲ್ಲಿ ನಿಂತು ನೋಡುತ್ತಿದ್ದರು. ತಲೆ ಎತ್ತದೆ ರೊಟ್ಟಿ ಮುರಿದು ಮೊದಲು ನಾನು ತಿಂದೆ.